ಸಾರಜನಕವನ್ನು ಕಟ್ಟುವ ಬಗೆ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಕನ್ನಡ ಅಧ್ಯಾಪಕನಾಗಿದ್ದೆನು. ಅಂದು ಒಂಬತ್ತನೆಯ ತರಗತಿಯಲ್ಲಿ ಸಮಾಸಗಳನ್ನು ಬೋಧಿಸುತ್ತಿದ್ದೆ. ಪಠ್ಯದಲ್ಲಿದ್ದ ಉದಾಹರಣೆಗಳು ಮುಗಿದ ಮೇಲೆ, ಮಕ್ಕಳ ವಿಜ್ಞಾನ ಪುಸ್ತಕದಿಂದ ಒಂದು ಪದವನ್ನು ಆರಿಸಿ ಕಪ್ಪುಹಲಗೆಯ ಮೇಲೆ ಬರೆದೆನು: ಸಾರಜನಕ. “ಸಾರದ ಜನಕ ಸಾರಜನಕ. ಇದು ತತ್ಪುರುಷ ಸಮಾಸ. ಜನಕನೆಂದರೆ ಹುಟ್ಟಿಸುವವನು, ತಂದೆ. ಭೂಮಿಗೆ ಸಾರವನ್ನು ಉಂಟುಮಾಡುವ ಅನಿಲವಾದುದರಿಂದ ಇದಕ್ಕೆ ಈ ಹೆಸರು. ನಾವು ಉಸಿರಾಡುವ ಗಾಳಿಯ 100 ಪಾಲಿನಲ್ಲಿ 78 ಪಾಲು ಇದೇ ಆಗಿದೆ” ಎಂದು ವಿವರಿಸಿದೆನು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತನು. “ಸಾರ್, ಗಾಳಿಯಲ್ಲೇ ಅಷ್ಟೊಂದು ಸಾರಜನಕ ಇರುವಾಗ ನಮ್ಮಪ್ಪ ಸಾಲ ಮಾಡಿ ಯೂರಿಯಾ ಮೂಟೆ ತರುವುದು ಏಕೆ?” ಎಂದು ಕೇಳಿದನು.

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಪದವನ್ನು ಬಿಡಿಸುವುದು ನನಗೆ ಗೊತ್ತಿತ್ತು. ಆ ಪದದ ಹಿಂದಿದ್ದ ಸಂಗತಿ ಗೊತ್ತಿರಲಿಲ್ಲ. “ನಾಳೆ ಹೇಳುತ್ತೇನೆ, ಕೂತುಕೋ” ಎಂದು ಅವನನ್ನು ಕೂರಿಸಿ, ಸಂಜೆ ವಿಜ್ಞಾನದ ಅಧ್ಯಾಪಕರ ಮನೆಗೆ ಹೋದೆನು. ಅಂದು ಅವರಿಂದ ತಿಳಿದುದನ್ನೂ ಅನಂತರ ಪುಸ್ತಕಗಳಿಂದ ಅರಿತುದನ್ನೂ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಸಾರಜನಕವನ್ನು ಮೊದಲು ಬೇರ್ಪಡಿಸಿ ಗುರುತಿಸಿದವನು ಸ್ಕಾಟ್ಲೆಂಡಿನ ಡೇನಿಯಲ್ ರುದರ್‌ಫರ್ಡ್. 1772ರಲ್ಲಿ, ಎಡಿನ್‌ಬರೋ ನಗರದಲ್ಲಿ, ಈ ತರುಣನು ಮುಚ್ಚಿದ ಪಾತ್ರೆಯ ಗಾಳಿಯಲ್ಲಿ ಒಂದು ಇಲಿಯನ್ನು ಅದು ಸಾಯುವವರೆಗೂ ಇರಿಸಿದನು. ಉಳಿದ ಗಾಳಿಯಲ್ಲಿ ಮೇಣದ ಬತ್ತಿಯನ್ನೂ ರಂಜಕವನ್ನೂ ಉರಿಸಿದನು. ಆಮೇಲೆ ಕ್ಷಾರದ ದ್ರಾವಣದ ಮೂಲಕ ಹಾಯಿಸಿ ಇಂಗಾಲಾಮ್ಲವನ್ನು ತೆಗೆದುಹಾಕಿದನು. ಆದರೂ ಗಾಳಿಯ ಬಹುಭಾಗ ಹಾಗೆಯೇ ಉಳಿದಿತ್ತು. ಅದರೊಳಗೆ ದೀಪ ಉರಿಯಲಿಲ್ಲ; ಜೀವಿ ಬದುಕಲಿಲ್ಲ.

ಈ ಅನಿಲಕ್ಕೆ ಹೆಸರಿಡುವಾಗ ದೇಶದೇಶದ ವಿದ್ವಾಂಸರು ಬೇರೆ ಬೇರೆ ದಾರಿಗಳನ್ನು ಹಿಡಿದರು. ಫ್ರಾನ್ಸಿನ ಲವಾಸಿಯೆ 1787ರಲ್ಲಿ ಇದನ್ನು ‘ಅಜೋಟ್’ ಎಂದು ಕರೆದನು. ಗ್ರೀಕ್ ಮೂಲದ ಈ ಪದಕ್ಕೆ ‘ಜೀವವಿಲ್ಲದ್ದು’ ಎಂದರ್ಥ. ಜರ್ಮನರು ಇಟ್ಟ ಹೆಸರಿನ ಅರ್ಥ ‘ಉಸಿರು ಕಟ್ಟಿಸುವ ವಸ್ತು’ ಎಂದು. ಫ್ರಾನ್ಸಿನ ಇನ್ನೊಬ್ಬ ರಸಾಯನಜ್ಞನಾದ ಶಾಪ್ತಾಲ್, ಮದ್ದುಗುಂಡಿಗೆ ಬಳಸುತ್ತಿದ್ದ ಪೆಟ್ಲುಪ್ಪಿನಲ್ಲಿ ಈ ಧಾತು ಇರುವುದನ್ನು ಗಮನಿಸಿ, 1790ರಲ್ಲಿ ‘ಪೆಟ್ಲುಪ್ಪನ್ನು ಹುಟ್ಟಿಸುವುದು’ ಎಂಬ ಅರ್ಥ ಬರುವಂತೆ ‘ನೈಟ್ರೋಜನ್’ ಎಂಬ ಹೆಸರನ್ನು ಸೂಚಿಸಿದನು. ತೆಲುಗಿನ ‘ನತ್ರಜನಿ’ಯಲ್ಲಿ ಆ ಹೆಸರಿನ ಧ್ವನಿಯೇ ಕೇಳಿಬರುತ್ತದೆ. ಕನ್ನಡಿಗರು ಮಾತ್ರ ಹೊಲದ ಕಡೆಗೆ ನೋಡಿ ‘ಸಾರಜನಕ’ ಎಂದರು.

ಒಂದೇ ವಸ್ತುವನ್ನು ಒಬ್ಬರು ಜೀವವಿಲ್ಲದ್ದು ಎಂದರು; ಇನ್ನೊಬ್ಬರು ಸಾರವನ್ನು ಹುಟ್ಟಿಸುವುದು ಎಂದರು. ಇವೆರಡರಲ್ಲಿ ಯಾವುದು ಸರಿ? ಎರಡೂ ಸರಿಯೇ. ಗಾಳಿಯಲ್ಲಿ ಒಂಟಿಯಾಗಿ ಅಲೆಯುವಾಗ ಅದು ಅಜೋಟ್. ಮತ್ತೊಂದು ಧಾತುವಿನೊಡನೆ ಕೂಡಿಕೊಂಡಾಗ ಅದು ಸಾರಜನಕ. ಆ ಸ್ಥಿತಿಯಿಂದ ಈ ಸ್ಥಿತಿಗೆ ಅದನ್ನು ತರುವ ಕೆಲಸವೇ ನಮ್ಮ ಇಂದಿನ ವಿಷಯ.

ಒಂಟಿಯಾಗಿ ಅಲೆಯುತ್ತದೆ ಎಂದೆನಷ್ಟೆ. ನಿಜಕ್ಕೂ ಅದು ಜೋಡಿಯಾಗಿ ಅಲೆಯುತ್ತದೆ. ಗಾಳಿಯ ಸಾರಜನಕದ ಪ್ರತಿಯೊಂದು ಅಣುವಿನಲ್ಲಿಯೂ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಅಪ್ಪಿಕೊಂಡಿರುತ್ತವೆ. ಆಮ್ಲಜನಕದ ಅಣುವನ್ನು ಒಡೆಯಲು ಬೇಕಾಗುವುದಕ್ಕಿಂತ ಸುಮಾರು ಎರಡರಷ್ಟು ಶಕ್ತಿ ಈ ಅಣುವನ್ನು ಒಡೆಯಲು ಬೇಕು. ಆದುದರಿಂದಲೇ ಅದು ಬೇರೆ ಯಾವುದರ ಗೊಡವೆಗೂ ಹೋಗದೆ ತನ್ನಷ್ಟಕ್ಕೆ ತಾನಿರುತ್ತದೆ. ನಾವು ಉಸಿರಿನೊಂದಿಗೆ ಒಳಗೆ ಎಳೆದುಕೊಂಡ ಸಾರಜನಕವು ಹೋದಂತೆಯೇ ಹೊರಗೆ ಬರುತ್ತದೆ. ಗಿಡದ ಎಲೆಯನ್ನು ಅದು ಮುಟ್ಟಿ ಹೋದರೂ ಗಿಡಕ್ಕೆ ದಕ್ಕುವುದಿಲ್ಲ. ಆದರೆ ಜೀವಿಗಳಿಗೆ ಅದು ಬೇಕೇ ಬೇಕು. ಸಸಾರಜನಕವಿಲ್ಲದೆ, ಅಂದರೆ ಪ್ರೋಟೀನು ಇಲ್ಲದೆ, ಸ್ನಾಯುವಿಲ್ಲ, ರಕ್ತವಿಲ್ಲ. ಎಲೆಯ ಹಸಿರಿನಲ್ಲಿಯೂ ಬೀಜದ ಮೊಳಕೆಯಲ್ಲಿಯೂ ಸಾರಜನಕವಿದೆ.

ಒಂದು ಲೆಕ್ಕವನ್ನು ನೋಡಿರಿ. ಒಂದು ಎಕರೆ ಹೊಲದ ಮೇಲೆ ಆಕಾಶದವರೆಗೆ ನಿಂತಿರುವ ಗಾಳಿಯಲ್ಲಿ 30,000 ಟನ್ನುಗಳಿಗೂ ಹೆಚ್ಚು ಸಾರಜನಕವಿದೆ. ಆ ಎಕರೆಯಲ್ಲಿ ಮಳೆಯ ಆಶ್ರಯದಲ್ಲಿ ಬೆಳೆಯುವ ರಾಗಿಗೆ ಕೃಷಿ ತಜ್ಞರು ಹೇಳುವ ಪ್ರಮಾಣ ಕೇವಲ 20 ಕಿಲೋಗ್ರಾಂ. ತಲೆಯ ಮೇಲೆ ಕಣಜವಿದ್ದರೂ ಪೈರು ಹಸಿದು ಹಳದಿಯಾಗುತ್ತದೆ. ಕಣಜದ ಬಾಗಿಲಿಗೆ ಬಿದ್ದ ಬೀಗವೇ ಆ ಮೂರು ಬಂಧಗಳು.

ಈ ಬೀಗವನ್ನು ತೆರೆದು ಸಾರಜನಕವನ್ನು ಇನ್ನೊಂದು ವಸ್ತುವಿನೊಡನೆ ಕೂಡಿಸುವ ಕ್ರಿಯೆಯನ್ನು ಸಾಮಾನ್ಯವಾಗಿ ‘ಸಾರಜನಕೀಕರಣ’ ಎನ್ನಬಹುದು. ಈ ಪದದ ರಚನೆಯನ್ನು ಗಮನಿಸಿರಿ. ಶುದ್ಧವಲ್ಲದ್ದನ್ನು ಶುದ್ಧವಾಗಿಸುವುದು ಶುದ್ಧೀಕರಣ. ಸ್ಥಿರವಲ್ಲದ್ದನ್ನು ಸ್ಥಿರವಾಗಿಸುವುದು ಸ್ಥಿರೀಕರಣ. ಮೊದಲು ಹಾಗಿಲ್ಲದಿದ್ದುದನ್ನು ಹಾಗೆ ಮಾಡುವುದೆಂಬ ಅರ್ಥವನ್ನು ಈ ‘ಈಕರಣ’ ಕೊಡುತ್ತದೆ. ಹಾಗಾದರೆ ಸಾರಜನಕೀಕರಣವೆಂದರೆ ಒಂದು ವಸ್ತುವನ್ನು ಸಾರಜನಕವನ್ನಾಗಿ ಮಾಡುವುದೆ? ಅಲ್ಲ. ಹಳ್ಳಿಯ ವಿದ್ಯುದೀಕರಣವೆಂದರೆ ಹಳ್ಳಿಯನ್ನೇ ವಿದ್ಯುತ್ತನ್ನಾಗಿ ಮಾಡುವುದಲ್ಲ, ಹಳ್ಳಿಗೆ ವಿದ್ಯುತ್ತನ್ನು ಕೂಡಿಸುವುದು. ಹಾಗೆಯೇ ಇದು ವಸ್ತುವಿಗೆ ಸಾರಜನಕವನ್ನು ಕೂಡಿಸುವುದು.

ಕೂಡಿಸುವುದು ಎಂಬ ಮಾತಿನಲ್ಲಿಯೂ ಎಚ್ಚರ ಬೇಕು. ಅಂಗಡಿಯಲ್ಲಿ ದೊರೆಯುವ ಆಲೂಗಡ್ಡೆ ಚಿಪ್ಸಿನ ಉಬ್ಬಿದ ಪೊಟ್ಟಣದೊಳಗೆ ಸಾರಜನಕವನ್ನು ತುಂಬಿರುತ್ತಾರೆ. ಕೆಲವರು ತಮ್ಮ ವಾಹನದ ಚಕ್ರಗಳಿಗೂ ಅದನ್ನು ತುಂಬಿಸುತ್ತಾರೆ. ಇದು ತುಂಬುವುದೇ ಹೊರತು ರಾಸಾಯನಿಕವಾಗಿ ಕೂಡಿಸುವುದಲ್ಲ. ಪೊಟ್ಟಣದಲ್ಲಿ ಅದನ್ನು ತುಂಬುವುದು ಅದು ಯಾವುದರೊಡನೆಯೂ ಕೂಡದು ಎಂಬ ಕಾರಣಕ್ಕಾಗಿಯೇ. ಆಮ್ಲಜನಕವಿದ್ದರೆ ಎಣ್ಣೆ ಕಮಟು ವಾಸನೆಗೆ ತಿರುಗುತ್ತದೆ. ಅಕ್ಕಿಯಲ್ಲಿ ರಾಗಿ ಬೆರೆತರೆ ಜರಡಿ ಹಿಡಿದು ಬೇರ್ಪಡಿಸಬಹುದು. ಸುಣ್ಣದ ಕಲ್ಲಿಗೆ ನೀರು ಕೂಡಿದರೆ ಎರಡೂ ಹಿಂದಿನಂತೆ ಉಳಿಯವು. ಬೆರಕೆ ಬೇರೆ, ಸಂಯೋಗ ಬೇರೆ.

ಗಾಳಿಯ ಸಾರಜನಕವನ್ನು ಜೀವಿಗಳಿಗೆ ದಕ್ಕುವ ಸಂಯುಕ್ತವನ್ನಾಗಿ ಮಾಡುವ ಕ್ರಿಯೆಗೆ ವಿಶೇಷವಾಗಿ ‘ಸಾರಜನಕ ಸ್ಥಿರೀಕರಣ’ ಎಂಬ ಹೆಸರಿದೆ. ಊರೆಲ್ಲ ಅಲೆಯುವ ಹಸುವನ್ನು ಹಿಡಿದು ಗೊಂತಿಗೆ ಕಟ್ಟಿದಾಗಲೇ ಹಾಲು ಕರೆಯಲು ಸಾಧ್ಯ. ಹಾಗೆ ಅಲೆಯುವ ಅನಿಲವನ್ನು ನೆಲದ ಗೊಂತಿಗೆ ಕಟ್ಟುವುದೇ ಸ್ಥಿರೀಕರಣ.

ಪ್ರಕೃತಿಯು ಈ ಕೆಲಸವನ್ನು ಎರಡು ಬಗೆಯಲ್ಲಿ ನಡೆಸುತ್ತದೆ. ಮೊದಲನೆಯದು ಸಿಡಿಲಿನಿಂದ. ಮಿಂಚಿನ ಅಪಾರ ಶಾಖದಲ್ಲಿ ಸಾರಜನಕದ ಅಣುಗಳು ಒಡೆದು ಆಮ್ಲಜನಕದೊಡನೆ ಕೂಡುತ್ತವೆ. ಮಳೆಯ ಹನಿಗಳಲ್ಲಿ ಕರಗಿ ನೆಲಕ್ಕೆ ಇಳಿಯುತ್ತವೆ. ಎರಡನೆಯದು ಮಣ್ಣಿನೊಳಗೆ, ಸದ್ದಿಲ್ಲದೆ, ಬಹು ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಅವರೆ, ತೊಗರಿ, ಅಲಸಂದೆ, ಹುರುಳಿ ಮುಂತಾದ ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ನೆಲೆಸಿರುತ್ತವೆ. ಗಿಡವು ಅವಕ್ಕೆ ಸಕ್ಕರೆಯನ್ನು ಉಣಿಸುತ್ತದೆ. ಅವು ಗಾಳಿಯ ಸಾರಜನಕವನ್ನು ಅಮೋನಿಯವನ್ನಾಗಿ ಮಾರ್ಪಡಿಸಿ ಗಿಡಕ್ಕೆ ಒಪ್ಪಿಸುತ್ತವೆ. ಈ ರಹಸ್ಯವನ್ನು 1886ರಲ್ಲಿ ಲೋಕಕ್ಕೆ ತಿಳಿಸಿದವರು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್. ಎರಡು ವರ್ಷಗಳ ಬಳಿಕ ಹಾಲೆಂಡಿನ ಬೈಯರಿಂಕ್ ಆ ಜೀವಿಯನ್ನೇ ಗಂಟುಗಳಿಂದ ಬೇರ್ಪಡಿಸಿ ಬೆಳೆಸಿದನು.

ಇಷ್ಟನ್ನು ತಿಳಿದುಕೊಂಡು ಮರುದಿನ ನಾನು ತರಗತಿಗೆ ಬಂದೆನು. ಆದರೆ ಹಲಗೆಯ ಮೇಲೆ ಬರೆಯುವ ಬದಲು ಮಕ್ಕಳನ್ನು ಶಾಲೆಯ ಹಿಂದಿದ್ದ ಹೊಲಕ್ಕೆ ಕರೆದೊಯ್ದೆನು. ಅದು ಆ ಹುಡುಗನ ತಂದೆಯ ಹೊಲವೇ ಆಗಿತ್ತು. ರಾಗಿಯ ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆಯೂ ಅಲಸಂದೆಯೂ ಬೆಳೆದಿದ್ದವು. ಅನುಮತಿ ಪಡೆದು ಒಂದು ಅಲಸಂದೆಯ ಗಿಡವನ್ನು ಮಣ್ಣುಸಹಿತ ಮೆಲ್ಲಗೆ ಎತ್ತಿ, ಬೇರನ್ನು ನೀರಿನಲ್ಲಿ ತೊಳೆದೆವು. ಬೇರಿನ ಉದ್ದಕ್ಕೂ ಕಾಳಿನಂತಹ ಗಂಟುಗಳು. ಒಂದು ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿತ್ತು. ನಮ್ಮ ರಕ್ತದ ಕೆಂಪಿಗೆ ಕಾರಣವಾದ ವಸ್ತುವಿನ ಬಂಧುವೊಂದು ಆ ಗಂಟಿನಲ್ಲಿಯೂ ಇದೆ. ಕೆಂಪಾಗಿರುವ ಗಂಟು ಕೆಲಸ ಮಾಡುತ್ತಿರುವ ಗಂಟು. ಪಕ್ಕದ ರಾಗಿಯ ಬೇರನ್ನೂ ತೊಳೆದು ನೋಡಿದೆವು. ಅದರಲ್ಲಿ ಒಂದು ಗಂಟೂ ಇರಲಿಲ್ಲ.

ಹುಡುಗನ ತಂದೆ ಬದುವಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. “ಅಕ್ಕಡಿ ಇಟ್ಟ ಹೊಲ ಬಡವಾಗೋದಿಲ್ಲ ಅಂತ ನಮ್ಮ ತಾತ ಹೇಳ್ತಿದ್ದರು ಮೇಷ್ಟ್ರೇ. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ” ಎಂದರು.

ಅವರ ತಾತನ ಮಾತು ನಿಜ. ಆದರೆ ಅದಕ್ಕೊಂದು ಮಿತಿಯೂ ಉಂಟು. ಗಂಟುಗಳು ಕಟ್ಟಿಕೊಟ್ಟ ಸಾರಜನಕದ ಬಹುಪಾಲನ್ನು ಆ ದ್ವಿದಳ ಸಸ್ಯವೇ ಬಳಸಿಕೊಳ್ಳುತ್ತದೆ. ಕಾಳಿನೊಂದಿಗೆ ಅದು ಮನೆಗೆ ಬರುತ್ತದೆ. ಉದುರಿದ ಎಲೆ, ಕೊಳೆತ ಬೇರುಗಳ ಮೂಲಕ ಉಳಿದ ಪಾಲು ಮುಂದಿನ ಬೆಳೆಗೆ ಸೇರುತ್ತದೆ. ಹೆಚ್ಚು ಫಸಲನ್ನು ತೆಗೆಯಬೇಕಾದರೆ ಹೊರಗಿನಿಂದಲೂ ಸಾರವನ್ನು ಕೊಡಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ದೇಶಗಳು ದಕ್ಷಿಣ ಅಮೆರಿಕದ ಚಿಲಿಯ ಮರುಭೂಮಿಯಿಂದ ನೈಟ್ರೇಟ್ ಲವಣವನ್ನು ಹಡಗುಗಳಲ್ಲಿ ತರಿಸಿ ಹೊಲಗಳಿಗೆ ಹಾಕುತ್ತಿದ್ದವು. ಆ ನಿಕ್ಷೇಪ ಎಂದಾದರೂ ಮುಗಿಯಲೇಬೇಕು. ಗಾಳಿಯ ಸಾರಜನಕವನ್ನು ಕಟ್ಟಲು ರಸಾಯನಜ್ಞರು ಕಲಿಯದಿದ್ದರೆ ಗೋಧಿಯ ಕ್ಷಾಮ ತಪ್ಪದು ಎಂದು 1898ರಲ್ಲಿ ವಿಲಿಯಂ ಕ್ರೂಕ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ ಎಚ್ಚರಿಸಿದನು.

ಹತ್ತು ವರ್ಷಗಳು ಕಳೆಯುವಷ್ಟರಲ್ಲಿ ಉತ್ತರ ದೊರೆಯಿತು. ನಾರ್ವೆ ದೇಶದಲ್ಲಿ ಬಿರ್ಕೆಲಾಂಡ್ ಮತ್ತು ಐಡೆ ಎಂಬವರು ವಿದ್ಯುತ್ತಿನ ಕಿಡಿಯಿಂದ ಸಿಡಿಲಿನ ಕೆಲಸವನ್ನೇ ಕಾರ್ಖಾನೆಯಲ್ಲಿ ಮಾಡಿ ತೋರಿಸಿದರು. ಆದರೆ ಅದಕ್ಕೆ ವಿಪರೀತ ವಿದ್ಯುತ್ತು ಬೇಕಾಗುತ್ತಿತ್ತು. 1909ರ ಜುಲೈ ತಿಂಗಳಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನಗರದಲ್ಲಿ ಫ್ರಿಟ್ಸ್ ಹಾಬರ್ ಇನ್ನೊಂದು ದಾರಿಯನ್ನು ತೋರಿದನು. ಸಾರಜನಕ ಮತ್ತು ಜಲಜನಕಗಳನ್ನು ತೀವ್ರವಾದ ಒತ್ತಡದಲ್ಲಿ, ಹೆಚ್ಚಿನ ಶಾಖದಲ್ಲಿ, ಸೂಕ್ತವಾದ ಕ್ರಿಯಾವರ್ಧಕದ ಮೇಲೆ ಹಾಯಿಸಿದಾಗ ಅಮೋನಿಯವು ಹನಿಹನಿಯಾಗಿ ಇಳಿಯಿತು. ಒಂದು ಅಣು ಸಾರಜನಕವು ಮೂರು ಅಣು ಜಲಜನಕದೊಡನೆ ಕೂಡಿ ಎರಡು ಅಣು ಅಮೋನಿಯವಾಗುತ್ತದೆ. ಪ್ರಯೋಗಶಾಲೆಯ ಈ ಹನಿಗಳನ್ನು ಹೊಳೆಯಾಗಿ ಹರಿಸಿದವನು ಕಾರ್ಲ್ ಬಾಷ್. 1913ರಲ್ಲಿ ಒಪ್ಪಾವು ಎಂಬಲ್ಲಿ ಮೊದಲ ದೊಡ್ಡ ಕಾರ್ಖಾನೆ ಆರಂಭವಾಯಿತು. ಸುಮಾರು 200 ವಾಯುಭಾರದ ಒತ್ತಡ, 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ, ಕಬ್ಬಿಣದ ಕ್ರಿಯಾವರ್ಧಕ: ಇವಿಷ್ಟನ್ನು ಬೇಡುವ ಕೆಲಸವನ್ನು ಅಲಸಂದೆಯ ಗಂಟು ಹೊಲದ ತಂಪು ಮಣ್ಣಿನಲ್ಲಿಯೇ ಮಾಡಿ ಮುಗಿಸುತ್ತದೆ!

ಅಮೋನಿಯಕ್ಕೆ ಇಂಗಾಲಾಮ್ಲವನ್ನು ಕೂಡಿಸಿದರೆ ಯೂರಿಯಾ ದೊರೆಯುತ್ತದೆ. ನಮ್ಮ ರಾಜ್ಯದ ಕರಾವಳಿಯ ಪಣಂಬೂರಿನಲ್ಲಿ 1976ರಲ್ಲಿ ಇದರ ತಯಾರಿಕೆ ಆರಂಭವಾಯಿತು. ಯೂರಿಯಾದ 100 ಪಾಲಿನಲ್ಲಿ 46 ಪಾಲು ಸಾರಜನಕ. ಈಗ ದೊರೆಯುವ 45 ಕಿಲೋಗ್ರಾಂ ತೂಕದ ಒಂದು ಮೂಟೆಯಲ್ಲಿ ಸುಮಾರು 20 ಕಿಲೋಗ್ರಾಂ ಸಾರಜನಕವಿರುತ್ತದೆ. ಒಂದು ಎಕರೆ ರಾಗಿಗೆ ಬೇಕೆಂದು ಮೇಲೆ ಹೇಳಿದ ಪ್ರಮಾಣ ಅದೇ. ಹುಡುಗನ ಪ್ರಶ್ನೆಗೆ ಉತ್ತರವೂ ಇದೇ. ಅವನ ತಂದೆ ಹಣ ಕೊಟ್ಟದ್ದು ಸಾರಜನಕಕ್ಕಲ್ಲ. ಅದು ಎಲ್ಲರಿಗೂ ಬಿಟ್ಟಿ. ಅದನ್ನು ಕಟ್ಟಿದ ಶ್ರಮಕ್ಕೆ, ಆ ಶಾಖಕ್ಕೆ, ಆ ಒತ್ತಡಕ್ಕೆ ಹಣ ಕೊಟ್ಟರು. ಇಂದು ಭೂಮಿಯ ಮೇಲಿರುವ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಅನ್ನ ಈ ವಿಧಾನದಿಂದಲೇ ದೊರೆಯುತ್ತಿದೆಯೆಂದು ಅಂದಾಜು ಮಾಡಲಾಗಿದೆ.

ಆದರೆ ಕಟ್ಟಿದ ಸಾರಜನಕವು ಅನ್ನವನ್ನು ಮಾತ್ರವೇ ಕೊಡುವುದಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಚಿಲಿಯ ಲವಣ ಜರ್ಮನಿಗೆ ಬರುವುದು ನಿಂತುಹೋಯಿತು. ಆಗ ಗೊಬ್ಬರಕ್ಕೆಂದು ಹುಟ್ಟಿದ ಅಮೋನಿಯವನ್ನೇ ನೈಟ್ರಿಕ್ ಆಮ್ಲವನ್ನಾಗಿಸಿ ಸ್ಫೋಟಕಗಳನ್ನು ತಯಾರಿಸಿದರು. ಹಾಬರನಿಗೆ 1918ನೆಯ ವರ್ಷದ ನೊಬೆಲ್ ಪಾರಿತೋಷಕ ಸಂದಿತು. 1915ರಲ್ಲಿ ರಣರಂಗದಲ್ಲಿ ಕ್ಲೋರಿನ್ ವಿಷಾನಿಲವನ್ನು ಬಳಸಲು ಮುಂದಾಳಾಗಿದ್ದವನೂ ಅವನೇ. ಯಹೂದಿ ಮನೆತನದಲ್ಲಿ ಹುಟ್ಟಿದ್ದ ಅವನು 1933ರಲ್ಲಿ ತನ್ನ ದೇಶವನ್ನೇ ಬಿಟ್ಟು ಹೋಗಬೇಕಾಯಿತು. ನಮ್ಮ ಕಾಲದಲ್ಲಿಯೂ, 2020ರ ಆಗಸ್ಟ್ 4ರಂದು, ಲೆಬನಾನಿನ ಬೈರೂತ್ ಬಂದರಿನಲ್ಲಿ ಎಚ್ಚರಿಕೆಯಿಲ್ಲದೆ ಕೂಡಿಟ್ಟಿದ್ದ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ಅದು ಗೊಬ್ಬರವಾಗಿಯೂ ಬಳಕೆಯಾಗುವ ವಸ್ತು. ಬಿಡಿಸಲಾರದಷ್ಟು ಬಿಗಿಯಾದ ಆ ಮೂರು ಬಂಧಗಳಿಗೆ ಸಾರಜನಕವು ಮರಳಿ ಹೋಗುವಾಗ ಅಪಾರ ಶಕ್ತಿ ಹೊರಬರುತ್ತದೆ. ಸ್ಫೋಟದ ಗುಟ್ಟು ಅದರಲ್ಲಿದೆ.

ಆದುದರಿಂದ ಯಾವ ವಸ್ತುವಿಗೆ, ಯಾವ ರೂಪದಲ್ಲಿ ಸಾರಜನಕವನ್ನು ಕೂಡಿಸುತ್ತೇವೆ ಎಂಬುದನ್ನು ಸ್ಪಷ್ಟವಾಗಿ ಹೇಳುವ ಪದಗಳು ಅಗತ್ಯ. ಉಕ್ಕಿನ ಗೇರುಗಳನ್ನು ಅಮೋನಿಯ ಅನಿಲದಲ್ಲಿ ಸುಮಾರು 500 ಡಿಗ್ರಿಗೆ ಕಾಯಿಸಿದರೆ ಸಾರಜನಕವು ಲೋಹದ ಮೇಲ್ಮೈಯೊಳಗೆ ಸೇರಿ ಅದನ್ನು ಗಟ್ಟಿಗೊಳಿಸುತ್ತದೆ, ಇದು ನೈಟ್ರೈಡಿಂಗ್. ಟಾಲುಯೀನ್‌ನಂತಹ ಸಾವಯವ ವಸ್ತುವಿಗೆ ನೈಟ್ರಿಕ್ ಆಮ್ಲದ ನೆರವಿನಿಂದ ಒಂದು ಸಾರಜನಕ, ಎರಡು ಆಮ್ಲಜನಕಗಳ ಗುಂಪನ್ನು ಜೋಡಿಸುವುದು ನೈಟ್ರೇಷನ್. ಬಣ್ಣಗಳೂ ಔಷಧಗಳೂ ಸ್ಫೋಟಕಗಳೂ ಈ ದಾರಿಯಲ್ಲಿ ಹುಟ್ಟುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೇಟನ್ನಾಗಿ ಮಾರ್ಪಡಿಸುವುದು ನೈಟ್ರಿಫಿಕೇಷನ್; ಇಲ್ಲಿ ಸಾರಜನಕ ಹೊಸದಾಗಿ ಸೇರುವುದಿಲ್ಲ, ಅದರ ಜೊತೆಗಾರ ಮಾತ್ರ ಬದಲಾಗುತ್ತಾನೆ. ಕಿವಿಗೆ ಒಂದೇ ತರಹ ಕೇಳಿಸುವ ಈ ಹೆಸರುಗಳಲ್ಲಿ ಒಂದು ಯಂತ್ರಶಾಲೆಯದು, ಒಂದು ರಾಸಾಯನಿಕ ಕಾರ್ಖಾನೆಯದು, ಒಂದು ಹೊಲದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಅಂಕ ಹೋಗುವುದು ಸಣ್ಣ ಮಾತು, ಅರ್ಥವೇ ಹೋಗುತ್ತದೆ.

ಹೊಲದ ಲೆಕ್ಕದಲ್ಲಿ ಇನ್ನೊಂದು ಮಾತು ಉಳಿದಿದೆ. ಕಟ್ಟಿದ ಸಾರಜನಕವು ಕಟ್ಟಿದಲ್ಲೇ ನಿಲ್ಲುವುದಿಲ್ಲ. ಯೂರಿಯಾ ಅಗ್ಗವೆಂದು ಅಳತೆ ಮೀರಿ ಸುರಿದರೆ ಪೈರು ಕಡುಹಸಿರಾಗಿ, ಮೆತ್ತಗಾಗಿ ಬೆಳೆದು ನೆಲಕ್ಕೆ ಒರಗುತ್ತದೆ. ಕೀಟಗಳಿಗೂ ರೋಗಗಳಿಗೂ ತುತ್ತಾಗುತ್ತದೆ. ಪೈರು ಹೀರಿಕೊಳ್ಳದ ನೈಟ್ರೇಟು ಮಳೆಯ ನೀರಿನೊಡನೆ ಬಾವಿಗೂ ಕೊಳವೆಬಾವಿಗೂ ಇಳಿಯುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟು ಇರಬಾರದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಅದು ಮಿತಿಮೀರಿದ ನೀರು ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಇನ್ನೊಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಏರಿ, ಅಷ್ಟೇ ತೂಕದ ಇಂಗಾಲಾಮ್ಲಕ್ಕಿಂತ ಇನ್ನೂರೈವತ್ತು ಮಡಿಗೂ ಮೀರಿ ಭೂಮಿಯನ್ನು ಕಾಯಿಸುತ್ತದೆ. ಹೀಗೆ ಪೋಲಾಗುವ ಸಾರಜನಕವನ್ನು 2030ರೊಳಗೆ ಅರ್ಧಕ್ಕೆ ಇಳಿಸಬೇಕೆಂಬ ಗುರಿಯನ್ನು 2019ರ ಕೊಲಂಬೊ ಘೋಷಣೆಯು ಮುಂದಿಟ್ಟಿತು. ನಮ್ಮ ದೇಶದಲ್ಲಿ ಬೇವಿನ ಎಣ್ಣೆಯ ಲೇಪವಿರುವ ಯೂರಿಯಾವನ್ನು 2015ರಿಂದ ಕಡ್ಡಾಯ ಮಾಡಿರುವುದಕ್ಕೆ ಒಂದು ಕಾರಣ, ಅದು ಮಣ್ಣಿನಲ್ಲಿ ನಿಧಾನವಾಗಿ ಬಿಡುಗಡೆಯಾಗಿ ಪೈರಿಗೆ ಹೆಚ್ಚು ದಕ್ಕಲಿ ಎಂಬುದು.

ಆ ಹುಡುಗನ ತಂದೆ ಮೂಟೆಯನ್ನು ತರುವುದನ್ನು ಬಿಡಲಿಲ್ಲ. ಬಿಡಬೇಕೆಂದು ನಾನು ಹೇಳಲೂ ಇಲ್ಲ. ಆದರೆ ಮರುವರ್ಷ ಮಗನೇ ಅವರ ಜೊತೆ ನಿಂತು, ಎಷ್ಟು ಎಕರೆಗೆ ಎಷ್ಟು ಮೂಟೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಕೊಟ್ಟನಂತೆ. ಅಕ್ಕಡಿ ಸಾಲುಗಳು ಇದ್ದಂತೆಯೇ ಇದ್ದವು.

ಅಂದಿನಿಂದ ಸಮಾಸಗಳ ಪಾಠದಲ್ಲಿ ಸಾರಜನಕ ಎಂಬ ಪದ ಬಂದಾಗಲೆಲ್ಲ ನಾನು ವಿಗ್ರಹವಾಕ್ಯಕ್ಕೆ ಒಂದು ಮಾತನ್ನು ಸೇರಿಸಿ ಹೇಳುತ್ತಿದ್ದೆನು: ಸಾರದ ಜನಕ, ಕಟ್ಟಿದಾಗ ಮಾತ್ರ, ಅಳತೆಯಲ್ಲಿದ್ದಾಗ ಮಾತ್ರ.